ಗಡಿಗೆ ಮುಂಚಿನ ಗಡಿ

ಐರೋಪ್ಯ ಒಕ್ಕೂಟದ 2004ರ ಮುಕ್ತ ಸಂಚಾರ ನಿರ್ದೇಶನ ಓದುವುದಕ್ಕೆ ಬಲು ಉದಾರ. ಒಕ್ಕೂಟದ ಪ್ರಜೆ ತನ್ನದಲ್ಲದ ಸದಸ್ಯ ದೇಶಕ್ಕೆ ಹೊರಟರೆ, ಸಂಗಾತಿ ಭಾರತೀಯರಾಗಿದ್ದರೂ ಉಕ್ರೇನಿನವರಾಗಿದ್ದರೂ ಜೊತೆಗೆ ಹೋಗಬಹುದು. ವೀಸಾ ಬೇಕಿದ್ದರೆ ಶುಲ್ಕವಿಲ್ಲದೆ, ಬೇಗನೆ ಕೊಡಬೇಕು. ತನ್ನದಲ್ಲದ ಸದಸ್ಯ ದೇಶದಲ್ಲಿ ನೆಲೆಸಿದ ಪ್ರಜೆಯ ಸಂಗಾತಿಗೆ ಸಿಗುವ, 10ನೇ ವಿಧಿಯ ನಿವಾಸ ಕಾರ್ಡ್ ಇದ್ದವರಿಗೆ ವೀಸಾವೇ ಬೇಡ. ದಾಖಲೆ ಕೈಯಲ್ಲಿಲ್ಲದವರನ್ನೂ ಹಿಂದಕ್ಕಟ್ಟುವ ಮೊದಲು, ಸಂಬಂಧವನ್ನು ಬೇರೆ ರೀತಿಯಲ್ಲಿ ರುಜುವಾತು ಮಾಡಲು ಬಿಡಬೇಕು ಎನ್ನುತ್ತದೆ 5ನೇ ವಿಧಿ.

ತೊಡಕಿರುವುದು ಈ ಕೊನೆಯ ಮಾತಿನಲ್ಲೇ. ಆ ಅವಕಾಶ ಗಡಿ ತಲುಪಿದವರಿಗೆ ಮಾತ್ರ. ಸರಿಯಾದ ದಾಖಲೆಯಿಲ್ಲದವರನ್ನು ಕರೆತಂದ ವಿಮಾನ ಕಂಪನಿಗೆ ದಂಡ ಹಾಕಬೇಕೆಂಬ ಇನ್ನೊಂದು ನಿರ್ದೇಶನ 2001ರಿಂದಲೂ ಇದೆ. ಹಾಗಾಗಿ ನಿಜವಾದ ತಪಾಸಣೆ ಚೆಕ್-ಇನ್ ಕೌಂಟರಿಗೆ ಸರಿದಿದೆ. ಅಲ್ಲಿನ ನೌಕರ ತಪ್ಪಾಗಿ ಬಿಟ್ಟರೆ ಕಂಪನಿಗೆ ಈ ದಂಡ. ತಪ್ಪಾಗಿ ತಡೆದರೆ ಈ ದಂಡದ ಭಯವಿಲ್ಲ. ಅನುಮಾನ ಬಂದರೆ ಅವನು ಯಾವ ಕಡೆ ವಾಲುತ್ತಾನೆಂದು ಕೇಳಬೇಕಿಲ್ಲ.

ಕಂಪನಿಗಳ ಅಂಜಿಕೆ ಸುಳ್ಳಲ್ಲ. ಲಂಡನ್ನಿನಿಂದ ಬುಡಾಪೆಸ್ಟ್‌ಗೆ ಬಂದ ಉಕ್ರೇನ್ ಪ್ರಯಾಣಿಕರೊಬ್ಬರ ಬಳಿ, ಆಗಿನ್ನೂ ಒಕ್ಕೂಟದಲ್ಲೇ ಇದ್ದ ಬ್ರಿಟನ್ನಿನ ಕಾಯಂ ನಿವಾಸ ಕಾರ್ಡ್ ಇತ್ತು, ವೀಸಾ ಇರಲಿಲ್ಲ. ಹಂಗೇರಿಯ ಪೊಲೀಸರು ರಯಾನ್‌ಏರ್‌ಗೆ 3,000 ಯೂರೋ ದಂಡ ಹಾಕಿದರು. ಕಾರ್ಡೇ ಸಾಕು, ಕಂಪನಿ ಇನ್ನೇನನ್ನೂ ಪರಿಶೀಲಿಸಬೇಕಿಲ್ಲ ಎಂದು ಒಕ್ಕೂಟದ ನ್ಯಾಯಾಲಯ ಹೇಳಿದ್ದು 2020ರಲ್ಲಿ. ಅದಕ್ಕೂ ಮುಂಚೆ 2014ರಲ್ಲಿ, ಸ್ಪೇನಿನ ಕಾರ್ಡ್ ಹೊಂದಿದ್ದ ಕೊಲಂಬಿಯಾದ ಮಹಿಳೆಯಿಂದ ಪ್ರತ್ಯೇಕ ಅನುಮತಿ ಪತ್ರ ಕೇಳುತ್ತಿದ್ದ ಬ್ರಿಟನ್ನಿಗೂ ಇದೇ ನ್ಯಾಯಾಲಯ ಪಾಠ ಹೇಳಬೇಕಾಯಿತು. ಪೊಲೀಸರೂ ಸರಕಾರವೂ ಎಡವಿದ ನಿಯಮವನ್ನು ಕೌಂಟರಿನ ನೌಕರ ನಿಮಿಷದಲ್ಲಿ ಅರ್ಥೈಸಬೇಕು!

ಅಸಮಾನತೆಯೂ ಇದೆ. ಬರ್ಲಿನ್‌ನಲ್ಲಿರುವ ಫ್ರೆಂಚ್ ಪ್ರಜೆಯ ಭಾರತೀಯ ಹೆಂಡತಿ 10ನೇ ವಿಧಿಯ ಕಾರ್ಡ್ ಹಿಡಿದು ಗಂಡನ ಜೊತೆ ಐರ್ಲೆಂಡಿಗೆ ವೀಸಾ ಇಲ್ಲದೆ ಹೋಗಬಹುದು. ಪಕ್ಕದ ಮನೆಯ ಜರ್ಮನ್ನನ ಭಾರತೀಯ ಹೆಂಡತಿಗೆ ವೀಸಾ ಬೇಕು; ಗಂಡ ತನ್ನದೇ ದೇಶದಲ್ಲಿರುವುದರಿಂದ ಆಕೆಯದು ಬರೀ ಜರ್ಮನ್ ಕಾನೂನಿನ ಪರವಾನಗಿ. ಊರು ಬಿಡದವನಿಗೆ ಕಡಿಮೆ ಹಕ್ಕು!

2021ರಿಂದ ಕಾರ್ಡುಗಳಿಗೆ ಏಕರೂಪ ಬಂದಿರುವುದು ಒಳ್ಳೆಯದೇ. ಆದರೆ ಅದರಿಂದ ಅನುಕೂಲ ಕಾರ್ಡ್ ಇದ್ದವರಿಗಷ್ಟೇ. ವಿವಾಹ ಪತ್ರ ತೋರಿಸಿ ಒಕ್ಕೂಟದ ಪ್ರಜೆಯ ಜೊತೆಗೇ ಪ್ರಯಾಣಿಸುವ ಸಂಗಾತಿಯ ವಿಷಯದಲ್ಲಿ ಕಂಪನಿಗಳಿಗೆ ದಂಡದಿಂದ ವಿನಾಯಿತಿ ಕೊಡಬೇಕು. ಅಲ್ಲಿಯವರೆಗೆ 5ನೇ ವಿಧಿಯ ಔದಾರ್ಯ ವಿಮಾನ ಹತ್ತಲು ಸಾಧ್ಯವಾದವರ ಪಾಲಿನದು ಮಾತ್ರ.