ಮನೆ ಸಮೇತ ಉತ್ತರಕ್ಕೆ

ಅಲಾಸ್ಕಾದ ಸ್ಟ್ಯಾಂಪೀಡ್ ದಾರಿಯಲ್ಲಿ ದಶಕಗಳ ಕಾಲ ತುಕ್ಕು ಹಿಡಿದು ನಿಂತಿದ್ದ 142ನೇ ನಂಬರಿನ ಬಸ್ಸನ್ನು 2020ರ ಜೂನ್‌ನಲ್ಲಿ ಸೇನೆಯ ಹೆಲಿಕಾಪ್ಟರ್ ಎತ್ತಿಕೊಂಡು ಹೋಯಿತು. 1992ರಲ್ಲಿ ಕ್ರಿಸ್ ಮೆಕ್ಯಾಂಡ್ಲೆಸ್ ಎಂಬ ತರುಣ ಅದರೊಳಗೆ ಒಂಟಿಯಾಗಿ ದಿನ ದೂಡಿ ಹಸಿವಿನಿಂದ ಪ್ರಾಣಬಿಟ್ಟಿದ್ದ. ಜಾನ್ ಕ್ರಾಕವರ್ 1996ರಲ್ಲಿ ಬರೆದ ‘ಇನ್‌ಟು ದಿ ವೈಲ್ಡ್’ ಅವನನ್ನು ಒಂದು ತಲೆಮಾರಿನ ಕಣ್ಣಲ್ಲಿ ನಾಯಕನನ್ನಾಗಿ ಮಾಡಿತು. ಬಸ್ಸನ್ನು ಕಾಣಬೇಕೆಂದು ಹೊರಟವರಲ್ಲಿ 2010ರಲ್ಲಿ ಒಬ್ಬರು, 2019ರಲ್ಲಿ ಮತ್ತೊಬ್ಬರು ಟೆಕ್ಲಾನಿಕಾ ನದಿಯ ಪಾಲಾದರು. ಅದೇ ಉತ್ತರದ ಸೀಮೆಗೆ ಪ್ರತಿ ಬೇಸಗೆಯಲ್ಲೂ ಗಂಡ ಹೆಂಡತಿ ಜೋಡಿಗಳು, ಬಹಳಷ್ಟು ಮಂದಿ ನಿವೃತ್ತರು, ಮೋಟಾರ್‌ಹೋಮ್ ಓಡಿಸಿಕೊಂಡು ಹೋಗಿ ಸುರಕ್ಷಿತವಾಗಿ ಮರಳುತ್ತಾರೆ. ಇವರ ಪಾಲಿಗೆ ಸಿಗುವುದು ಉಪೇಕ್ಷೆ. ಮಂಚ, ಫ್ರಿಜ್, ಶೌಚಾಲಯ ಎಲ್ಲವನ್ನೂ ಹೊತ್ತು ಹೋದವರು ಕಾಡನ್ನು ಕಂಡದ್ದೇನು ಎಂದು ಕೇಳುವವರೇ ಹೆಚ್ಚು. ಆದರೆ ಮೆಕ್ಯಾಂಡ್ಲೆಸ್ ಮಲಗಿದ್ದ ಬಸ್ಸು ಕೂಡ ಗಾಲಿಯ ಮೇಲಿನ ಮನೆಯೇ ಆಗಿತ್ತು. 1961ರಲ್ಲಿ ರಸ್ತೆ ಕಾಮಗಾರಿಯ ಕೆಲಸಗಾರರ ವಾಸಕ್ಕೆಂದು ಮಂಚ, ಒಲೆ ಅಳವಡಿಸಿ ಎಳೆದು ತಂದು ಅಲ್ಲೇ ಬಿಟ್ಟುಹೋದದ್ದು ಅದು. ಹಾಗಾಗಿ ಮನೆಯನ್ನು ಜೊತೆಗೆ ಒಯ್ದರೆ ಅರಣ್ಯದ ಅನುಭವ ಕೆಡುತ್ತದೆ ಎಂಬ ವಾದ ನನಗೆ ಒಪ್ಪಿತವಲ್ಲ. ಈ ಪಯಣಗಳಲ್ಲಿ ಕೊರತೆ ಇದೆ, ನಿಜ. ಅದು ಇರುವುದು ವಾಹನದಲ್ಲಲ್ಲ, ಅದರ ಗಾಜಿನಾಚೆಗೆ ಹಾಸಿರುವ ರಸ್ತೆಯನ್ನೇ ಪಯಣಿಗರು ನೋಡದಿರುವುದರಲ್ಲಿ.

ಮೊದಲು ಈ ರೂಢಿಯ ಗುಣವನ್ನು ಹೇಳಬೇಕು. ಮೋಟಾರ್‌ಹೋಮ್‌ನಲ್ಲಿ ವಾರಗಟ್ಟಲೆ ಬದುಕುವವರಿಗೆ ಪಟ್ಟಣದ ಮನೆಯಲ್ಲಿ ಕಣ್ಣಿಗೆ ಬೀಳದ ಲೆಕ್ಕಗಳೆಲ್ಲ ದಿನವೂ ಎದುರಾಗುತ್ತವೆ. ಕುಡಿಯುವ, ತೊಳೆಯುವ ನೀರಿಗೆ ಇರುವುದು ಒಂದೇ ತೊಟ್ಟಿ. ಪಾತ್ರೆ, ಸ್ನಾನದ ನೀರು ಇನ್ನೊಂದಕ್ಕೆ, ಶೌಚದ್ದು ಮತ್ತೊಂದಕ್ಕೆ ಇಳಿಯುತ್ತದೆ. ಅವು ತುಂಬಿದಾಗ ಡಂಪ್ ಸ್ಟೇಷನ್ ಹುಡುಕಿ, ಕೊಳವೆ ಜೋಡಿಸಿ, ತಮ್ಮ ಕೈಯಾರೆ ಖಾಲಿ ಮಾಡಬೇಕು. ಕೆನಡಾದ ಯೂಕಾನ್ ಸರಕಾರದ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಸೌದೆ ಪುಕ್ಕಟೆ, ಆದರೆ ವಿದ್ಯುತ್ ಸಂಪರ್ಕವಿಲ್ಲ, ನೀರಿನ ಕೊಳವೆಯೂ ಇಲ್ಲ. ಬ್ಯಾಟರಿ ಎಷ್ಟಿದೆ, ಗ್ಯಾಸ್ ಎಷ್ಟಿದೆ, ಮುಂದಿನ ಪೆಟ್ರೋಲ್ ಬಂಕ್ ಎಷ್ಟು ದೂರ ಎಂಬ ಪ್ರಶ್ನೆಗಳು ಇಬ್ಬರ ಮುಂದೆಯೂ ಇರುತ್ತವೆ. ಇಲ್ಲಿ ‘ಇಬ್ಬರು’ ಎಂಬುದಕ್ಕೆ ಬೆಲೆಯಿದೆ. ಒಂಟಿ ಪಯಣಿಗನ ಕಥನದಲ್ಲಿ ಅಡುಗೆ, ತೊಳೆತ, ಕಸ ಇವೆಲ್ಲ ಸಾಮಾನ್ಯವಾಗಿ ಪುಟದಾಚೆಗೆ ಉಳಿಯುತ್ತವೆ. ಎಂಟೋ ಒಂಬತ್ತೋ ಮೀಟರ್ ಉದ್ದದ ಗೂಡಿನಲ್ಲಿ ಬಾಳುವ ದಂಪತಿಗೆ ಆ ಕೆಲಸಗಳನ್ನು ಮರೆಮಾಡಲು ಜಾಗವೇ ಇಲ್ಲ. ಮನೆಯಲ್ಲಿ ಒಬ್ಬರೇ ಸದ್ದಿಲ್ಲದೆ ಮಾಡಿಕೊಂಡು ಬಂದದ್ದು ಇಲ್ಲಿ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಒಂದು ಬದುಕು ದಿನಕ್ಕೆ ಎಷ್ಟು ನೀರು ಬೇಡುತ್ತದೆ, ಎಷ್ಟು ಕೊಳೆ ಬಿಡುತ್ತದೆ ಎಂದು ಇಷ್ಟು ನೇರವಾಗಿ ಕಲಿಸುವ ಪ್ರವಾಸದ ಬಗೆ ಇನ್ನೊಂದನ್ನು ನಾನು ಕಾಣೆ.

ಇಷ್ಟು ನಿಖರವಾಗಿ ಮನೆಯ ಲೆಕ್ಕ ಇಡಬಲ್ಲವರು ರಸ್ತೆಯ ಲೆಕ್ಕವನ್ನು ಮಾತ್ರ ಇಡುವುದಿಲ್ಲ. ಬ್ರಿಟಿಷ್ ಕೊಲಂಬಿಯಾದ ಡಾಸನ್ ಕ್ರೀಕ್‌ನಿಂದ ಅಲಾಸ್ಕಾದ ಡೆಲ್ಟಾ ಜಂಕ್ಷನ್‌ವರೆಗಿನ ಅಲಾಸ್ಕಾ ಹೆದ್ದಾರಿಯ ಇಂದಿನ ಉದ್ದ ಸುಮಾರು 2,200 ಕಿಲೋಮೀಟರ್. ಪ್ರವಾಸದ ಬರಹಗಳಲ್ಲೂ ಚಿತ್ರಗಳಲ್ಲೂ ಅದು ಮನುಷ್ಯ ಮುಟ್ಟದ ಪ್ರಕೃತಿಯ ನಡುವೆ ತಾನಾಗಿ ಮೂಡಿದ ಗೆರೆಯಂತೆ ಕಾಣಿಸಿಕೊಳ್ಳುತ್ತದೆ. ಅದನ್ನು ಹಾಕಿದ್ದು ಯುದ್ಧ. ಪರ್ಲ್ ಹಾರ್ಬರ್ ದಾಳಿಯಾದ ಮೇಲೆ ಅಲಾಸ್ಕಾಕ್ಕೆ ನೆಲದ ಮೇಲಿನ ಸಾಗಣೆ ಮಾರ್ಗ ಬೇಕಾಯಿತು. 1942ರ ಮಾರ್ಚ್‌ನಲ್ಲಿ ಅಮೆರಿಕದ ಸೇನಾ ಎಂಜಿನಿಯರ್‌ಗಳು ಕೆಲಸ ಆರಂಭಿಸಿದರು. ನವೆಂಬರ್ 20ರಂದು ಕ್ಲುವಾನಿ ಸರೋವರದ ದಂಡೆಯ ಸೋಲ್ಜರ್ಸ್ ಸಮಿಟ್‌ನಲ್ಲಿ ಉದ್ಘಾಟನೆಯೂ ನಡೆದುಹೋಯಿತು. ದುಡಿದ ಹತ್ತು ಸಾವಿರಕ್ಕೂ ಮೀರಿದ ಸೈನಿಕರಲ್ಲಿ ಮೂರನೇ ಒಂದು ಭಾಗದಷ್ಟು ಮಂದಿ ಕಪ್ಪು ಜನ. ಸೇನೆಯಲ್ಲಿ ಆಗಿನ್ನೂ ಬಣ್ಣದ ಬೇಲಿ ಇತ್ತು, ಅವರಿಗೆ ಬೇರೆಯೇ ರೆಜಿಮೆಂಟುಗಳಿದ್ದವು. ಅಮೆರಿಕದ ಬಿಸಿಲ ದಕ್ಷಿಣ ರಾಜ್ಯಗಳಿಂದ ಬಂದ ಎಷ್ಟೋ ಮಂದಿ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯನ್ನು ಡೇರೆಗಳಲ್ಲಿ ಕಳೆದರು. ಸಿಕಾನಿ ಚೀಫ್ ನದಿಗೆ 95ನೇ ರೆಜಿಮೆಂಟಿನವರು ನಾಲ್ಕು ದಿನದೊಳಗೆ ಮರದ ಸೇತುವೆ ಕಟ್ಟಿದರು. ಡೆಲ್ಟಾ ಜಂಕ್ಷನ್ ಸಮೀಪದ ಗರ್ಸ್ಟ್ಲ್ ನದಿಯ ಸೇತುವೆಗೆ ಇಂದು ಆ ಕಪ್ಪು ಯೋಧರ ಸ್ಮರಣೆಯ ಹೆಸರಿದೆ. ಹೆದ್ದಾರಿಯ ಕೊನೆಯವರೆಗೆ ಹೋಗುವ ಪ್ರತಿ ಮೋಟಾರ್‌ಹೋಮೂ ಅದನ್ನು ದಾಟಲೇಬೇಕು. ವಾಟ್ಸನ್ ಲೇಕ್‌ನ ಫಲಕಗಳ ತೋಪಿಗೆ ಮಾತ್ರ ಪಯಣಿಗರು ತಪ್ಪದೆ ನಿಲ್ಲುತ್ತಾರೆ. 1942ರಲ್ಲಿ ಮನೆಯ ನೆನಪು ಕಾಡಿ ಕಾರ್ಲ್ ಲಿಂಡ್ಲಿ ಎಂಬ ಸೈನಿಕ ತನ್ನೂರಿನ ಹೆಸರು ಬರೆದು ನೆಟ್ಟ ಒಂದು ಫಲಕದಿಂದ ಅದು ಬೆಳೆಯಿತು. ಈಗ ಅಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಫಲಕಗಳಿವೆ. ತಮ್ಮ ಊರಿನ ಹೆಸರನ್ನು ಅಲ್ಲಿ ಮೊಳೆ ಹೊಡೆದು ಬರುವ ಆಸೆ ಸಹಜವಾದದ್ದು. ಆದರೂ ದಾರಿ ಕಡಿದವರ ಹೆಸರನ್ನು ಕೇಳದೆ ತಮ್ಮ ಹೆಸರನ್ನು ಬಿಟ್ಟುಬರುವ ರೂಢಿ ನನ್ನನ್ನು ಕಳವಳಗೊಳಿಸುತ್ತದೆ.

ಇನ್ನೂ ದೊಡ್ಡ ಮರೆವು ಆ ನೆಲದ ಜನರ ಕುರಿತದ್ದು. ಖಾಲಿ ನಾಡು ಎಂಬ ಮಾತು ಈ ಪಯಣಗಳ ವರ್ಣನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಯೂಕಾನ್‌ನ ವಿಸ್ತೀರ್ಣ ಕರ್ನಾಟಕದ ಎರಡೂವರೆ ಪಟ್ಟು. ಜನಸಂಖ್ಯೆ ಐವತ್ತು ಸಾವಿರಕ್ಕೂ ಕಡಿಮೆ. ಅಂಕಿಗಳನ್ನಷ್ಟೇ ನೋಡಿದರೆ ಖಾಲಿ ಎನ್ನಿಸುವುದು ಸಹಜ. ಆದರೆ ಹೆದ್ದಾರಿಯ ಎಷ್ಟೋ ಭಾಗ ಟ್ಲಿಂಗಿಟ್, ಸದರ್ನ್ ಟಚೋನಿ, ಕಾಸ್ಕಾ ಜನರ ಬೇಟೆಯ, ಮೀನುಗಾರಿಕೆಯ, ವ್ಯಾಪಾರದ ನೆಲದಲ್ಲಿ ಸಾಗುತ್ತದೆ. 1942–43ರಲ್ಲಿ ಕಾಮಗಾರಿಯ ಜನರೊಂದಿಗೆ ಬಂದ ದಡಾರ ಮೊದಲಾದ ಸಾಂಕ್ರಾಮಿಕ ರೋಗಗಳು ಟೆಸ್ಲಿನ್‌ನ ಟ್ಲಿಂಗಿಟ್ ಜನರನ್ನು ಒಂದರ ಮೇಲೊಂದರಂತೆ ಹಾಸಿಗೆ ಹಿಡಿಸಿದವು. ಹೊರಗಿನಿಂದ ಬಂದವರ ಬಂದೂಕಿನಿಂದ ಪ್ರಾಣಿಗಳನ್ನು ಉಳಿಸಲು ಕ್ಲುವಾನಿ ಪ್ರದೇಶದಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಅದರ ಬೆಲೆ ತೆತ್ತವರು ತಲೆತಲಾಂತರದಿಂದ ಅಲ್ಲೇ ಬೇಟೆಯಾಡಿ ಬದುಕಿದ್ದ ಮೂಲನಿವಾಸಿಗಳು. ಅವರಿಗೂ ಬೇಟೆ ನಿಷಿದ್ಧವಾಯಿತು. ಶಾಂಪೇನ್ ಮತ್ತು ಐಶಿಹಿಕ್ ಸಮುದಾಯ 1993ರಲ್ಲಿ, ಕ್ಲುವಾನಿ ಸಮುದಾಯ 2003ರಲ್ಲಿ ಸರಕಾರದೊಂದಿಗೆ ಅಂತಿಮ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಆ ಪ್ರದೇಶದ ರಾಷ್ಟ್ರೀಯ ಉದ್ಯಾನದ ಆಡಳಿತದಲ್ಲಿ ಅವರಿಗೆ ಪಾಲು ದಕ್ಕಿತು. ಅಂದರೆ ಪಯಣಿಗರು ಹೊಗಳುವ ನಿರ್ಜನತೆಯ ಒಂದು ಭಾಗವನ್ನು ಕಾನೂನು ಸೃಷ್ಟಿಸಿತ್ತು. ಜನರನ್ನು ಹೊರಗಿಟ್ಟು ಉಂಟುಮಾಡಿದ ಮೌನವನ್ನು ಪ್ರಕೃತಿಯ ಆದಿಮೌನವೆಂದು ಬರೆದರೆ ಅದು ಅಂದದ ತಪ್ಪಷ್ಟೇ ಆಗಿ ಉಳಿಯುವುದಿಲ್ಲ, ಚರಿತ್ರೆಯ ವಿಷಯದಲ್ಲಿ ಸುಳ್ಳೂ ಆಗುತ್ತದೆ.

ಈ ಪಯಣದ ವಿರುದ್ಧ ಎದ್ದಿರುವ ಆಕ್ಷೇಪಗಳಲ್ಲಿ ಅತ್ಯಂತ ಬಲವಾದದ್ದು ಇಂಧನದ್ದು. ಅದನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ದೊಡ್ಡ ಮೋಟಾರ್‌ಹೋಮ್ ಲೀಟರಿಗೆ ಮೂರರಿಂದ ನಾಲ್ಕು ಕಿಲೋಮೀಟರ್ ಓಡುತ್ತದೆ. ಮೂರೂವರೆ ಎಂದುಕೊಂಡರೂ ಹೆದ್ದಾರಿಯ ಒಂದು ಕಡೆಯ ಓಟಕ್ಕೇ 600 ಲೀಟರ್ ಮೀರುತ್ತದೆ, ಆಕಾಶಕ್ಕೆ ಸೇರುವ ಕಾರ್ಬನ್ ಡೈಆಕ್ಸೈಡ್ ಒಂದು ಟನ್ನನ್ನು ಸಲೀಸಾಗಿ ದಾಟುತ್ತದೆ. ಇದರ ಅರ್ಥ ಕಣ್ಣಿಗೆ ಕಾಣುವ ಜಾಗವೂ ಅದೇ ಹೆದ್ದಾರಿಯಲ್ಲಿದೆ. ಕ್ಲುವಾನಿ ಸರೋವರದ ದಕ್ಷಿಣದ ತುದಿಯಲ್ಲಿ ರಸ್ತೆ ಸ್ಲಿಮ್ಸ್ ನದಿಯನ್ನು ದಾಟುತ್ತದೆ. 2016ರ ಮೇ ತಿಂಗಳಲ್ಲಿ, ಕೆಲವೇ ದಿನಗಳಲ್ಲಿ, ಆ ನದಿಯ ಹರಿವು ಬಹುಮಟ್ಟಿಗೆ ನಿಂತುಹೋಯಿತು. ಕಾಸ್ಕವುಲ್ಶ್ ಹಿಮನದಿ ಕರಗಿ ಹಿಂದೆ ಸರಿದಾಗ ಅದರ ನೀರು ಹೊಸ ಕಣಿವೆಯೊಂದನ್ನು ಹಿಡಿಯಿತು. ಹಿಂದೆ ಸರೋವರಕ್ಕೆ ಇಳಿದು ಯೂಕಾನ್ ನದಿಯ ಮೂಲಕ ಬೇರಿಂಗ್ ಸಮುದ್ರ ಸೇರುತ್ತಿದ್ದ ಹಿಮಜಲ ಈಗ ದಕ್ಷಿಣಕ್ಕೆ ತಿರುಗಿ ಅಲಾಸ್ಕಾ ಕೊಲ್ಲಿಗೆ ಹೋಗುತ್ತಿದೆ. ಸರೋವರದ ಮಟ್ಟ ತಗ್ಗಿತು, ಒಣಗಿದ ನದೀಪಾತ್ರದಿಂದ ದೂಳಿನ ಮೋಡಗಳು ಏಳತೊಡಗಿದವು. ಅಲ್ಲಿಂದ ಮುಂದಕ್ಕೆ, ಡಿಸ್ಟ್ರಕ್ಷನ್ ಬೇಯಿಂದ ಅಲಾಸ್ಕಾ ಗಡಿಯವರೆಗೆ, ರಸ್ತೆ ಅಲೆಅಲೆಯಾಗಿ ಉಬ್ಬಿ ಕುಸಿದಿದೆ. ಅಡಿಯಲ್ಲಿ ಹೆಪ್ಪುಗಟ್ಟಿದ್ದ ನೆಲ ಕರಗುತ್ತಿರುವುದು ಅದಕ್ಕೆ ಮುಖ್ಯ ಕಾರಣ. 1942ರಲ್ಲೇ ಪಾಚಿಯ ಹೊದಿಕೆಯನ್ನು ಬುಲ್ಡೋಜರ್ ಕೆರೆದು ಹಾಕಿದಾಗ ನೆಲ ಕೆಸರಾಗಿ ಯಂತ್ರಗಳನ್ನು ನುಂಗಿತ್ತು. ಪಾಚಿಯನ್ನು ಹಾಗೇ ಬಿಟ್ಟು ಮೇಲೆ ಮರದ ದಿಮ್ಮಿಗಳನ್ನು ಹಾಸುವುದನ್ನು ಎಂಜಿನಿಯರ್‌ಗಳು ಆಗ ಕಲಿತರು. ಇಂದಿನ ಪಯಣಿಗರು ಈ ಹಳ್ಳದಿಣ್ಣೆಗಳನ್ನು ವಾಹನಕ್ಕೆ ಬರುವ ತೊಂದರೆಯೆಂದು ದೂರುತ್ತಾರೆ. ನೆಲದ ತಾಪ ಏರುತ್ತಿರುವ ವರ್ತಮಾನ ತಮ್ಮ ಚಕ್ರದಡಿಗೇ ಬಂದಿರುವುದನ್ನು ಅವರು ಗುರುತಿಸಬೇಕಿತ್ತು.

ಹಾಗಾದರೆ ಹೋಗಲೇಬಾರದೆ? ಎಡ್ವರ್ಡ್ ಅಬ್ಬಿ 1968ರ ‘ಡೆಸರ್ಟ್ ಸಾಲಿಟೇರ್’ ಪುಸ್ತಕದಲ್ಲಿ ರಾಷ್ಟ್ರೀಯ ಉದ್ಯಾನಗಳಿಂದ ಮೋಟಾರು ವಾಹನಗಳನ್ನು ಹೊರಗಿಡಬೇಕೆಂದು ವಾದಿಸಿದ್ದ. ನಡೆದು ಬರುವವನೇ ನಿಜವಾಗಿ ಕಾಣುತ್ತಾನೆ ಎಂಬುದು ಆ ವಾದದ ತಿರುಳು. ಅದರ ಅರ್ಧವನ್ನು ನಾನು ಒಪ್ಪುತ್ತೇನೆ. ಅಲಾಸ್ಕಾದ ಡೆನಾಲಿ ರಾಷ್ಟ್ರೀಯ ಉದ್ಯಾನ 1972ರಿಂದ ನಡೆಸಿಕೊಂಡು ಬಂದಿರುವ ವ್ಯವಸ್ಥೆಯೇ ಇದಕ್ಕೆ ಸಾಕ್ಷಿ. ಅಲ್ಲಿನ 92 ಮೈಲಿ ರಸ್ತೆಯಲ್ಲಿ ಖಾಸಗಿ ವಾಹನಗಳಿಗೆ ಸಾಮಾನ್ಯವಾಗಿ ಮೊದಲ 15 ಮೈಲಿಯವರೆಗೆ ಮಾತ್ರ ಪ್ರವೇಶ. ಅಲ್ಲಿಂದ ಮುಂದೆ ಹೋಗಬೇಕಾದವರು ಬಸ್ಸು ಹತ್ತಬೇಕು. ಮೋಟಾರ್‌ಹೋಮಿನವರೂ ಮನೆಯನ್ನು ನಿಲ್ಲಿಸಿ ಎಲ್ಲರ ಜೊತೆ ಕೂರುತ್ತಾರೆ, ಕರಡಿಯೂ ಕ್ಯಾರಿಬೂವೂ ರಸ್ತೆಯ ಹತ್ತಿರದಲ್ಲೇ ಕಾಣುತ್ತವೆ. ಅಬ್ಬಿಯ ವಾದದ ಉಳಿದರ್ಧವನ್ನು ಒಪ್ಪಲಾರೆ. ನಡಿಗೆಯನ್ನೇ ಅರ್ಹತೆಯ ಅಳತೆಗೋಲು ಮಾಡಿದರೆ ಎಪ್ಪತ್ತು ದಾಟಿದವರು, ಮಂಡಿ ಸವೆದವರು, ದಿನವೂ ಇನ್ಸುಲಿನ್ ಬೇಕಾದವರು ಉತ್ತರದ ನಡುರಾತ್ರಿಯ ಬೆಳಕನ್ನು ಕಾಣುವ ಹಕ್ಕನ್ನೇ ಕಳೆದುಕೊಳ್ಳುತ್ತಾರೆ. ದುಡಿಮೆಯ ವರ್ಷಗಳಲ್ಲಿ ಬಿಡುವು ಸಿಗದೆ, ಬಿಡುವು ಸಿಕ್ಕಾಗ ದೇಹ ಸಹಕರಿಸದ ಇಬ್ಬರಿಗೆ ಔಷಧಿಗೆ ಫ್ರಿಜ್, ರಾತ್ರಿಗೆ ಶೌಚಾಲಯ ಇರುವ ವಾಹನ ವಿಲಾಸವಲ್ಲ. ಇಂಧನದ ಆಕ್ಷೇಪಕ್ಕೆ ಉತ್ತರವೂ ಇಲ್ಲೇ ಇದೆ: ಚಿಕ್ಕ ವಾಹನ, ಕಡಿಮೆ ದೂರ, ಹೆಚ್ಚು ತಂಗು. ವರ್ಷವರ್ಷವೂ ಓಡುವ ಚಟವನ್ನು ನಾನು ಸಮರ್ಥಿಸಲಾರೆ. ಬಾಳಿನಲ್ಲೊಮ್ಮೆ ಇಡೀ ಬೇಸಗೆಯನ್ನು ಅಲ್ಲಿ ಕಳೆಯುವುದನ್ನು ಸಮರ್ಥಿಸುತ್ತೇನೆ.

ರಜೆಗೆಂದು ಹೋದವರ ತಲೆಯ ಮೇಲೆ ಯುದ್ಧ, ವರ್ಣಭೇದ, ಕಾಯಿಲೆಗಳ ಚರಿತ್ರೆಯನ್ನು ಹೇರುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಆದರೆ ಈ ಪಯಣದಲ್ಲಿ ಓದು ಹೊಸದೇನಲ್ಲ. ಅಲಾಸ್ಕಾ ಹೆದ್ದಾರಿಯ ಪಯಣಿಗರು ಕೈಯಲ್ಲೊಂದು ಪುಸ್ತಕ ಹಿಡಿದೇ ಹೋಗುತ್ತ ಬಂದಿದ್ದಾರೆ. 1949ರಲ್ಲಿ ಮೊದಲ ಬಾರಿ ಅಚ್ಚಾದ ‘ದಿ ಮೈಲ್‌ಪೋಸ್ಟ್’ ಮೈಲಿ ಮೈಲಿಗೂ ಬಂಕ್, ತಂಗುದಾಣ, ತಿರುವು, ನೋಟಗಳನ್ನು ದಾಖಲಿಸುವ ಕೈಪಿಡಿ. ಒಬ್ಬರು ಓಡಿಸುತ್ತಿರುವಾಗ ಇನ್ನೊಬ್ಬರು ಅದನ್ನು ಗಟ್ಟಿಯಾಗಿ ಓದುವುದು ದಂಪತಿಗಳಲ್ಲಿ ಬೇರೂರಿದ ಅಭ್ಯಾಸ. ಅನುಭವ ಎಂಬುದು ಕಣ್ಣಿನಿಂದ ಮಾತ್ರ ಬರುವುದೆಂದು ನಂಬಿದವರಿಗೆ ಇದು ಕೊರತೆಯಾಗಿ ಕಾಣಬಹುದು. ನನಗೆ ಇದೇ ಈ ರೂಢಿಯ ದೊಡ್ಡ ಸಾಧ್ಯತೆ. ನಕ್ಷೆಯಿಲ್ಲದೆ ಹೋದ ಮೆಕ್ಯಾಂಡ್ಲೆಸ್‌ಗೆ ಉಕ್ಕಿದ ಟೆಕ್ಲಾನಿಕಾವನ್ನು ದಾಟಲು ಹತ್ತಿರದಲ್ಲೇ ತಂತಿಯ ಮೇಲೆ ಕೈಯಿಂದ ಎಳೆದು ಸಾಗುವ ತೊಟ್ಟಿಲು ಇದೆಯೆಂದು ಗೊತ್ತಾಗಲಿಲ್ಲ. ಓದುತ್ತ ಸಾಗುವ ಜೋಡಿ ಇನ್ನೊಬ್ಬರು ಮೊದಲೇ ನಡೆದ ನೆಲದಲ್ಲಿ ತಾವಿದ್ದೇವೆಂದು ಒಪ್ಪಿಕೊಂಡೇ ಹೊರಟಿರುತ್ತದೆ. ಆ ಒಪ್ಪಿಗೆಯನ್ನು ಪೆಟ್ರೋಲ್ ಬಂಕಿನ ಮಾಹಿತಿಗಷ್ಟೇ ಸೀಮಿತಗೊಳಿಸಬೇಕಾಗಿಲ್ಲ. ಟೆಸ್ಲಿನ್‌ನಲ್ಲಿ ಟ್ಲಿಂಗಿಟ್ ಪರಂಪರೆಯ ಕೇಂದ್ರವೂ ಸೋಲ್ಜರ್ಸ್ ಸಮಿಟ್‌ನಲ್ಲಿ ಹತ್ತಿ ನೋಡಬಹುದಾದ ಚಿಕ್ಕ ಕಾಲುದಾರಿಯೂ ಇವೆ. ಎರಡೂ ಹೆದ್ದಾರಿಗೆ ಅಂಟಿಕೊಂಡೇ ಇವೆ, ಬೇಕಾಗುವುದು ಒಂದೆರಡು ಗಂಟೆ. ಹೋಗುವಾಗ ಅಲಾಸ್ಕಾ ತಲುಪುವ ಆತುರದಲ್ಲಿ ಬಿಟ್ಟುಹೋದರೂ ಮರಳುವಾಗ ಬಹುಪಾಲು ಅದೇ ರಸ್ತೆಯನ್ನು ಹಿಡಿಯಲೇಬೇಕು. ಆಗ ಓಡಿಸಿದವರು ಓದಲಿ, ಓದಿದವರು ಓಡಿಸಲಿ.