ಚೀಟಿ ಎತ್ತುವ ನ್ಯಾಯ

ಔಷಧ ಕಂಪನಿಗಳ ‘ರೋಗಿ ನೆರವು’ ಯೋಜನೆಗಳಲ್ಲಿ ಯೋಗ್ಯತೆ ಮೀರಿ ಹೊಗಳಿಸಿಕೊಂಡದ್ದು ಯಾವುದೆಂದು ಕೇಳಿದರೆ ನಾನು ನೊವಾರ್ಟಿಸ್‌ನ ಝೋಲ್‌ಜೆನ್ಸ್ಮಾ ಲಾಟರಿಯನ್ನು ತೋರಿಸುತ್ತೇನೆ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ (ಎಸ್‌ಎಂಎ) ಎಂಬ ಸ್ನಾಯುಕ್ಷಯ ರೋಗದ ಮಕ್ಕಳ ಪಾಡು, 16 ಕೋಟಿ ರೂಪಾಯಿಯ ಇಂಜೆಕ್ಷನ್ ಪತ್ರಿಕೆ ಓದುವವರಿಗೆ ಹೊಸದಲ್ಲ. 2019ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ 21.25 ಲಕ್ಷ ಡಾಲರ್ ಬೆಲೆಗೆ ಬಂದ ಔಷಧವಿದು. ಅನುಮತಿ ಸಿಗದ ದೇಶಗಳ ಎರಡು ವರ್ಷದೊಳಗಿನ ಮಕ್ಕಳಿಗೆ 2020ರಲ್ಲಿ 100 ಡೋಸ್‌ವರೆಗೆ ಉಚಿತ ಎಂದು 2019ರ ಡಿಸೆಂಬರಿನಲ್ಲಿ ಕಂಪನಿ ಸಾರಿತು. ಎರಡು ವಾರಕ್ಕೊಮ್ಮೆ ಚೀಟಿ ಎತ್ತುವುದು. ಹೆಸರು ಬಾರದವರು ಮುಂದಿನ ಸಲಕ್ಕೆ ಕಾಯುವುದು.

ಮೆಚ್ಚಬೇಕಾದ್ದನ್ನು ಮೊದಲೇ ಮೆಚ್ಚಿಬಿಡೋಣ: ಇಲ್ಲಿ ವಶೀಲಿ ನಡೆಯದು. ಆದರೆ ಆ ‘ಎರಡು ವಾರಕ್ಕೊಮ್ಮೆ’ಯನ್ನು ಸ್ವಲ್ಪ ನಿಂತು ನೋಡಬೇಕು. ತೀವ್ರ ಸ್ವರೂಪದ ಎಸ್‌ಎಂಎಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳು ಹುಟ್ಟಿದ ಮೊದಲ ತಿಂಗಳುಗಳಲ್ಲೇ ಸಾಯತೊಡಗುತ್ತವೆ. ಸತ್ತದ್ದನ್ನು ಈ ಔಷಧ ಬದುಕಿಸುವುದಿಲ್ಲ, ಉಳಿದದ್ದನ್ನು ಕಾಯುತ್ತದೆ ಅಷ್ಟೆ. ಎರಡು ತಿಂಗಳ ಕೂಸಿಗೆ ಕೊಟ್ಟಾಗ ಸಿಗುವ ಫಲವೇ ಬೇರೆ, ಇಪ್ಪತ್ತು ತಿಂಗಳ ಮಗುವಿಗೆ ಕೊಟ್ಟಾಗ ಸಿಗುವುದೇ ಬೇರೆ. ವೈದ್ಯರು ಮೊಟ್ಟಮೊದಲು ಕೇಳುವುದು ವಯಸ್ಸನ್ನು. ಚೀಟಿಗೆ ಅದು ಕಾಣುವುದೇ ಇಲ್ಲ. ಎಷ್ಟು ಸುತ್ತು ಕಾದರೂ ಎರಡನೇ ಹುಟ್ಟುಹಬ್ಬ ಬಂತೆಂದರೆ ಮಗು ಪಟ್ಟಿಯಿಂದ ಹೊರಗೆ. ರೋಗ ದಿನದಿನಕ್ಕೂ ಏರುವಾಗ ಪಾಳಿ ಕಾಯಿಸುವುದನ್ನು ನಿಷ್ಪಕ್ಷಪಾತ ಎನ್ನಬಹುದೇನೋ, ಚಿಕಿತ್ಸೆ ಎನ್ನಲಾಗದು.

ಅಭಾವವಿರುವಾಗ ಲಾಟರಿಗಿಂತ ನ್ಯಾಯವಾದ ದಾರಿಯಿಲ್ಲ ಎಂದು ವಾದಿಸುವ ನೀತಿಶಾಸ್ತ್ರಜ್ಞರಿದ್ದಾರೆ. ಅವರ ವಾದ ಶುರುವಾಗುವುದೇ ನೂರರ ಸಂಖ್ಯೆಯನ್ನು ಒಪ್ಪಿಕೊಂಡ ಮೇಲೆ. ಆ ನೂರನ್ನು ಬರೆದವರು ಯಾರು? ತಯಾರಿಕಾ ಸಾಮರ್ಥ್ಯ ಸಾಲದು ಎಂದಿತು ಕಂಪನಿ. ಹಾಗಿದ್ದರೆ 2021ರಲ್ಲಿ ಮುಂಬೈನ ಕುಟುಂಬವೊಂದು ಸಾರ್ವಜನಿಕರಿಂದ 16 ಕೋಟಿ ಕೂಡಿಸಿದಾಗ, ಕೇಂದ್ರ ಸರ್ಕಾರ ಸುಮಾರು 6 ಕೋಟಿ ತೆರಿಗೆ ಬಿಟ್ಟಾಗ, ಡೋಸ್ ಹೇಗೆ ಬಂತು? ಅಭಾವವಿದ್ದದ್ದು ಪುಕ್ಕಟೆ ಡೋಸಿಗೆ. ರೋಗಿಗಳ ಒಕ್ಕೂಟ ಎಸ್‌ಎಂಎ ಯುರೋಪ್ ಈ ಯೋಜನೆಗೆ ಆಗಲೇ ಆಕ್ಷೇಪ ಎತ್ತಿತ್ತು. ನಮ್ಮ ಅಂಕಣಕಾರರು ಅದನ್ನು ಓದಿದ ಹಾಗಿಲ್ಲ. ಅವರಿಗೆ ‘ಅದೃಷ್ಟವಂತ ಮಗು’ವಿನ ಫೋಟೋ ಸಾಕು.

ಆ ಫೋಟೋದಲ್ಲೇ ಇರುವುದು ಮಾರಾಟದ ಜಾಣತನ. ಉಚಿತವಾಗಿ ಡೋಸ್ ಕೊಟ್ಟ ಪ್ರತಿ ಸುದ್ದಿಯ ತಲೆಬರಹದಲ್ಲೂ 16 ಕೋಟಿ ಇರುತ್ತದೆ. ಓದುಗರು ಕಣ್ಣೀರಿಡುತ್ತಲೇ ಬೆಲೆಯನ್ನು ಒಪ್ಪಿಕೊಳ್ಳುತ್ತಾರೆ. ಈ ಚಿಕಿತ್ಸೆಯ ಆರಂಭದ ಸಂಶೋಧನೆಯಲ್ಲಿ ಫ್ರಾನ್ಸಿನ ಟೆಲಿಥಾನ್ ದೇಣಿಗೆಯಿಂದ ನಡೆಯುವ ಜೆನೆಥಾನ್ ಪ್ರಯೋಗಾಲಯದ ಪಾಲೂ ಇದೆ. ಅಂದರೆ ಜನ ಒಮ್ಮೆ ಸಂಶೋಧನೆಗೆ ಚಂದಾ ಎತ್ತಿದರು, ಮತ್ತೊಮ್ಮೆ ಔಷಧ ಕೊಳ್ಳಲು. ನಮ್ಮ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಒಬ್ಬ ರೋಗಿಗೆ ಕೊಡುವ ಗರಿಷ್ಠ ನೆರವು 50 ಲಕ್ಷ.

ಬೆಲೆ ಇಳಿಯುವುದೇ ಇಲ್ಲ ಎನ್ನುವವರಿಗೆ ಒಂದು ಮಾತು. ಇದೇ ಕಾಯಿಲೆಗೆ ಬಾಯಲ್ಲಿ ಕೊಡುವ ರಿಸ್ಡಿಪ್ಲಾಮ್‌ಗೆ ರೋಶ್ ಕಂಪನಿಯ ದರ ಬಾಟಲಿಗೆ 6 ಲಕ್ಷ ರೂಪಾಯಿ ದಾಟಿತ್ತು. 2025ರ ಅಕ್ಟೋಬರಿನಲ್ಲಿ, ಅಗ್ಗದ ಪ್ರತಿಯನ್ನು ತಡೆಯಲು ರೋಶ್ ಹಾಕಿದ್ದ ಮೇಲ್ಮನವಿಗಳು ದೆಹಲಿ ಹೈಕೋರ್ಟ್‌ನಲ್ಲೂ ಸುಪ್ರೀಂ ಕೋರ್ಟ್‌ನಲ್ಲೂ ಬಿದ್ದುಹೋದವು. ಹೈದರಾಬಾದಿನ ನಾಟ್ಕೋ ಅದೇ ಔಷಧವನ್ನು 15,900 ರೂಪಾಯಿಗೆ ಮಾರುಕಟ್ಟೆಗೆ ತಂದಿತು.