ಮಡಿಸಿದ ಆಕಾಶ ಮತ್ತು ಐದರ ವರ್ಗಮೂಲ

ಒಂದು ಲೋಕದಿಂದ ಇನ್ನೊಂದು ಲೋಕಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬರುವುದು ಸಾಧ್ಯವೇ? ಖಗೋಳ ಪಾಠದ ನಡುವೆ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಉತ್ತರ ಹೇಳುವ ಮೊದಲು ಅವರೊಂದಿಗೆ ಚರ್ಚಿಸಬಹುದಾದ ಒಂದು ಕಾದಂಬರಿಯಿದೆ. ಅಮೆರಿಕದ ಲೇಖಕಿ ಮ್ಯಾಡಲಿನ್ ಲೆಂಗಲ್ (1918–2007) ಬರೆದ ‘ಎ ರಿಂಕಲ್ ಇನ್ ಟೈಮ್’, ಅಂದರೆ ಕಾಲದಲ್ಲೊಂದು ಸುಕ್ಕು. ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಬೇಡವೆಂದ ಈ ಪುಸ್ತಕ 1962ರಲ್ಲಿ ಪ್ರಕಟವಾಯಿತು. 1963ರಲ್ಲಿ ಮಕ್ಕಳ ಸಾಹಿತ್ಯಕ್ಕೆ ಅಲ್ಲಿ ಕೊಡುವ ನ್ಯೂಬೆರಿ ಪದಕವನ್ನು ಪಡೆಯಿತು. ವಿಜ್ಞಾನದ ಒರೆಗಲ್ಲಿಗೆ ಹಚ್ಚಿದಾಗ ಇದರಲ್ಲಿ ಏನು ಉಳಿಯುತ್ತದೆ, ಏನು ಜಾರುತ್ತದೆ ಎಂಬುದನ್ನು ನೋಡೋಣ.

ಕಥೆಯ ನಾಯಕಿ ಮೆಗ್ ಮರಿ ಎಂಬ ಹದಿಹರೆಯದ ಹುಡುಗಿ. ಗಣಿತದಲ್ಲಿ ಚುರುಕು. ಆದರೆ ಶಿಕ್ಷಕರು ಹೇಳಿದ ಕ್ರಮದಲ್ಲಿ ಲೆಕ್ಕ ಮಾಡದೆ, ತಂದೆ ಕಲಿಸಿದ ಅಡ್ಡದಾರಿಗಳಲ್ಲಿ ಮಾಡುತ್ತಾಳೆ; ಹಾಗಾಗಿ ಶಾಲೆಯಲ್ಲಿ ಹಿಂದೆ. ತಾಯಿ ವಿಜ್ಞಾನಿ, ಮನೆಯ ಪ್ರಯೋಗಶಾಲೆಯ ಬುನ್ಸನ್ ದೀಪದ ಮೇಲೆಯೇ ಅಡುಗೆ ಬೇಯಿಸುವವಳು. ಭೌತವಿಜ್ಞಾನಿ ತಂದೆ ಕಾಣೆಯಾಗಿದ್ದಾನೆ. ಅವನನ್ನು ಹುಡುಕಲು ಮೆಗ್, ಐದು ವರ್ಷದ ತಮ್ಮ ಚಾರ್ಲ್ಸ್ ವ್ಯಾಲೇಸ್ ಮತ್ತು ಗೆಳೆಯ ಕ್ಯಾಲ್ವಿನ್ ಮೂವರು ವಿಚಿತ್ರ ಹೆಂಗಸರ ನೆರವಿನಿಂದ ಗ್ರಹದಿಂದ ಗ್ರಹಕ್ಕೆ ಹೋಗುತ್ತಾರೆ.

ಅವರು ಮೊದಲು ಇಳಿಯುವ ಯೂರಿಯಲ್ ಎಂಬ ಗ್ರಹ ಎಂ-101 ಸುರುಳಿ ಗೆಲಾಕ್ಸಿಯಲ್ಲಿದೆಯಂತೆ. ಗ್ರಹ ಕಲ್ಪಿತ, ಗೆಲಾಕ್ಸಿ ನಿಜ. ಸಪ್ತರ್ಷಿ ಮಂಡಲದ ಬಾಲದ ತುದಿಯ ಹತ್ತಿರ ಅದರ ಸ್ಥಾನ. ಬರಿಗಣ್ಣಿಗೆ ಕಾಣದು. ಗಿಣಿಗೇರಾದ ಶಾಲೆಯೊಂದರ ಮಕ್ಕಳು ಅದನ್ನು ನೋಡಬೇಕೆಂದರೆ ದೂರದರ್ಶಕವೂ ಬೇಕು, ಉಕ್ಕಿನ ಕಾರ್ಖಾನೆಗಳ ಬೆಳಕು ತಲಪದ ಕತ್ತಲೂ ಬೇಕು. ಅದರ ದೂರ ಸುಮಾರು 2 ಕೋಟಿ 10 ಲಕ್ಷ ಜ್ಯೋತಿರ್ವರ್ಷ. ಈ ಸಂಖ್ಯೆಯನ್ನು ಹೀಗೆ ಅಳೆಯಿರಿ: ಸಮೀಪದ ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕೊರೆದು 2,200 ವರ್ಷಗಳಿಗೂ ಹೆಚ್ಚಾಯಿತು. ಅಂದು ಇಲ್ಲಿಂದ ಹೊರಟ ಬೆಳಕು ಇಂದಿಗೆ ಆ ದಾರಿಯ ಹತ್ತು ಸಾವಿರದಲ್ಲಿ ಸರಿಸುಮಾರು ಒಂದು ಭಾಗವನ್ನಷ್ಟೇ ಕ್ರಮಿಸಿದೆ! ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದ ವಾಯೇಜರ್-1 ನೌಕೆಗಾದರೆ, ಸೂರ್ಯನಿಗೆ ಅತಿ ಸಮೀಪದ ನಕ್ಷತ್ರದ ದೂರವನ್ನು ಕ್ರಮಿಸಲೇ ಸುಮಾರು 75,000 ವರ್ಷ ಬೇಕು.

ಅಂದರೆ ವೇಗ ಹೆಚ್ಚಿಸಿ ಪ್ರಯೋಜನವಿಲ್ಲ. ಗಿಣಿಗೇರಾ ಜಂಕ್ಷನ್ನಿನಿಂದ ಕೊಪ್ಪಳದ ಕಡೆಗೆ ಹೋಗಲಿ, ಗಂಗಾವತಿಯ ಕಡೆಗೆ ಹೋಗಲಿ, ರೈಲು ಹಳಿಯ ಪ್ರತಿಯೊಂದು ಮೀಟರನ್ನೂ ದಾಟಲೇಬೇಕು. ಲೆಂಗಲ್ ಬೇರೆ ಉಪಾಯ ಹೂಡುತ್ತಾರೆ: ಊರುಗಳನ್ನೇ ಹತ್ತಿರ ತರುವುದು. ಕಥೆಯಲ್ಲಿ ಒಬ್ಬಾಕೆ ತನ್ನ ಲಂಗದ ಬಟ್ಟೆಯನ್ನು ಎರಡು ಕೈಗಳಲ್ಲಿ ಚಾಚಿ ಹಿಡಿಯುತ್ತಾಳೆ. ಒಂದು ಕೈಯಿಂದ ಇನ್ನೊಂದಕ್ಕೆ ನಡೆಯಬೇಕಾದ ಇರುವೆಗೆ ಅದು ದೂರದ ಹಾದಿ. ಕೈಗಳನ್ನು ಕೂಡಿಸಿ ಬಟ್ಟೆಯನ್ನು ಮಡಿಸಿದರೆ ಇರುವೆ ಆಗಲೇ ಅಲ್ಲಿರುತ್ತದೆ. ಇಳಕಲ್ ಸೀರೆಯ ಸೆರಗಿನಿಂದ ಇದನ್ನು ತರಗತಿಯಲ್ಲಿ ಮಾಡಿ ತೋರಿಸಬಹುದು.

ಉಪಮಾನ ಸೊಗಸಾಗಿದೆ. ಆದರೆ ಒಳ್ಳೆಯ ಶಿಕ್ಷಕರು ಇಲ್ಲಿಗೆ ನಿಲ್ಲಿಸಬಾರದು. ಉಪಮಾನ ಎಲ್ಲಿ ಮುರಿಯುತ್ತದೆ ಎಂದು ಕೇಳಬೇಕು. ಬಟ್ಟೆಯನ್ನು ಮಡಿಸುವ ಕೈಗಳು ಬಟ್ಟೆಯ ಹೊರಗಿವೆ. ವಿಶ್ವವನ್ನು ಮಡಿಸುವ ಕೈ ಯಾವುದು? ಮಡಿಸಿದ ಮಾತ್ರಕ್ಕೆ ಎರಡು ಪದರಗಳು ಒಂದಾಗುವುದಿಲ್ಲ. ನಡುವೆ ದಾರಿ ಬೇಕು. ಅಂಥ ದಾರಿಯೊಂದು ಐನ್‌ಸ್ಟೈನ್ ಮತ್ತು ರೋಸೆನ್ 1935ರಲ್ಲಿ ಪ್ರಕಟಿಸಿದ ಸಮೀಕರಣಗಳಲ್ಲಿ ಕಾಣಿಸಿಕೊಂಡಿತು. ಅದೇ ಇಂದು ‘ವರ್ಮ್‌ಹೋಲ್’ ಎನ್ನುವ ಕಲ್ಪನೆಯ ಮೂಲ. ಕಾದಂಬರಿ ಬಂದ 1962ರಲ್ಲಿಯೇ ಫುಲ್ಲರ್ ಮತ್ತು ವೀಲರ್, ಈ ಬಗೆಯ ಸೇತುವೆ ಬೆಳಕು ದಾಟುವ ಮೊದಲೇ ಮುಚ್ಚಿಹೋಗುತ್ತದೆ ಎಂದು ತೋರಿಸಿದರು. ಅದನ್ನು ತೆರೆದಿಡಲು ಋಣ ಶಕ್ತಿಯುಳ್ಳ ವಿಲಕ್ಷಣ ದ್ರವ್ಯ ಬೇಕೆಂದು ಮಾರಿಸ್ ಮತ್ತು ಥಾರ್ನ್ 1988ರಲ್ಲಿ ಲೆಕ್ಕ ಹಾಕಿದರು. ಅಷ್ಟು ಪ್ರಮಾಣದಲ್ಲಿ ಅದು ಎಲ್ಲಿಯೂ ದೊರೆತಿಲ್ಲ. ಗಮನಿಸಿ: ಕಾರ್ಲ್ ಸೇಗನ್ ತಮ್ಮ ‘ಕಾಂಟ್ಯಾಕ್ಟ್’ (1985) ಕಾದಂಬರಿಗಾಗಿ ಕೇಳಿದ ಪ್ರಶ್ನೆಯೇ ಥಾರ್ನ್ ಅವರನ್ನು ಈ ಕೆಲಸಕ್ಕೆ ಹಚ್ಚಿತು, ಪ್ರಬಂಧ ಪ್ರಕಟವಾದದ್ದು ಭೌತಶಾಸ್ತ್ರ ಬೋಧಕರ ಪತ್ರಿಕೆಯಲ್ಲಿ.

ಹಾಗೆಂದು ದೇಶ-ಕಾಲ ಬಾಗುತ್ತದೆ ಎನ್ನುವುದೇ ಕಟ್ಟುಕಥೆಯಲ್ಲ. ಕದಡಿದ ಕಪ್ಪುಕುಳಿ ಗಂಟೆಯಂತೆ ಮಿಡಿದು ತಣ್ಣಗಾಗುತ್ತದೆ ಎಂದು ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ 1970ರಲ್ಲಿ ತೋರಿಸಿದ್ದರು. ಗುರುತ್ವದ ಅಲೆಗಳು 2015ರಲ್ಲಿ ಮೊದಲ ಬಾರಿಗೆ ಪತ್ತೆಯಾದುವು. ಬಾಗುವಿಕೆ ಅಳತೆಗೆ ಸಿಕ್ಕ ಸತ್ಯ. ನಮಗೆ ಬೇಕೆಂದಂತೆ ಮಡಿಸುವುದು ಕಲ್ಪನೆ. ಈ ಗೆರೆಯನ್ನು ವಿದ್ಯಾರ್ಥಿಗಳೇ ಎಳೆಯಲಿ.

ಇನ್ನೆರಡು ಆಕ್ಷೇಪಗಳಿವೆ. ಮಡಿಸುವ ವಿದ್ಯೆಗೆ ಲೇಖಕಿ ಕೊಟ್ಟ ಹೆಸರು ‘ಟೆಸರ್ಯಾಕ್ಟ್’. ಕಾಲ ನಾಲ್ಕನೆಯ ಆಯಾಮ, ಇದು ಐದನೆಯದು ಎನ್ನುತ್ತಾರೆ. ಗಣಿತದಲ್ಲಿ ಟೆಸರ್ಯಾಕ್ಟ್ ಎಂದರೆ ನಾಲ್ಕು ಆಯಾಮಗಳ ಘನ. ಹಿಂಟನ್ ಈ ಪದವನ್ನು 1888ರಲ್ಲಿ ಬಳಸಿದರು. ರೇಖೆಗೆ 2 ತುದಿ, ಚೌಕಕ್ಕೆ 4 ಶೃಂಗ, ಘನಕ್ಕೆ 8, ಟೆಸರ್ಯಾಕ್ಟಿಗೆ 16. ಅದು ಒಂದು ಆಕೃತಿ, ವಾಹನವಲ್ಲ.

ಎರಡನೆಯದು, ಪ್ರಯಾಣಕ್ಕೆ ಬೆಲೆಯೇ ಇಲ್ಲ. ಮಕ್ಕಳು ಹೊರಟ ರಾತ್ರಿಯೇ ಮನೆಗೆ ಮರಳುತ್ತಾರೆ. ನಮ್ಮ ಪುರಾಣದ ರೈವತ ರಾಜ ಮಗಳು ರೇವತಿಯೊಡನೆ ಬ್ರಹ್ಮಲೋಕಕ್ಕೆ ಹೋಗಿ ಬರುವಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಕಳೆದಿದ್ದವು. ಆ ಕಥೆಯಲ್ಲಿ ಸಾಪೇಕ್ಷತಾ ಸಿದ್ಧಾಂತವಿದೆ ಎಂದು ಹೇಳುವುದು ತಪ್ಪು. ಆದರೆ ದೂರದ ಪ್ರಯಾಣಿಕ ಏನನ್ನೋ ಕಳೆದುಕೊಳ್ಳುತ್ತಾನೆ ಎಂಬ ಎಚ್ಚರ ಕಥೆಗಾರನಿಗಿತ್ತು. ಲೆಂಗಲ್ ಅವರ ಪ್ರಯಾಣದಲ್ಲಿ ಆ ಎಚ್ಚರವಿಲ್ಲ.

ಇಷ್ಟಾದರೂ ಈ ಪುಸ್ತಕವನ್ನು ಓದಿ ಎನ್ನಲು ಕಾರಣವಿದೆ. ಇದರ ನಿಜವಾದ ವಿಜ್ಞಾನ ಪ್ರಯಾಣದಲ್ಲಿಲ್ಲ, ಕ್ಯಾಮಝೋಟ್ಸ್ ಗ್ರಹದಲ್ಲಿದೆ. ಮೆಗ್‌ಳ ತಂದೆ ಸೆರೆಯಾಗಿರುವುದು ಅಲ್ಲಿ. ಅಲ್ಲಿ ಪ್ರತಿ ಮನೆಯೂ ಒಂದೇ ಬಗೆ. ಮನೆಯ ಮುಂದೆ ಮಕ್ಕಳು ಒಂದೇ ತಾಳಕ್ಕೆ ಆಡುತ್ತಾರೆ. ದೇಹವಿಲ್ಲದ ದೊಡ್ಡ ಮಿದುಳೊಂದು ಎಲ್ಲರ ಬದಲು ತಾನೇ ಯೋಚಿಸುತ್ತದೆ. ಅದರ ವಕ್ತಾರ ಮಕ್ಕಳ ಮನಸ್ಸನ್ನು ಸೆಳೆಯಲು ಬಳಸುವ ಮಂತ್ರ ಯಾವುದು ಗೊತ್ತೇ? ಮಗ್ಗಿ! ಒಂದೊಂದಲ ಒಂದು ಎಂದು ರಾಗವಾಗಿ ಒಪ್ಪಿಸುತ್ತ ಹೋದಂತೆ ಮನಸ್ಸು ತಾಳಕ್ಕೆ ಸೋಲುತ್ತದೆ. ಮುಂದೆ ಆ ಮಿದುಳಿನ ಎದುರು ಮೆಗ್ ಮೂಲವಸ್ತುಗಳ ಹೆಸರುಗಳನ್ನು ಹೇಳುತ್ತಾಳೆ. ಅದೂ ತಾಳಕ್ಕೆ ಬೀಳುತ್ತದೆ. ಆಗ ತಂದೆ ಐದರ ವರ್ಗಮೂಲವನ್ನು ಕೇಳುತ್ತಾನೆ. ಅವಳು 2.236 ಎನ್ನುತ್ತಾಳೆ, ಏಳರದು 2.645. ತಾಳ ತಪ್ಪುತ್ತದೆ.

ಇದು ಬರೀ ಕಥೆಯ ಚಮತ್ಕಾರವಲ್ಲ. 5ರ ವರ್ಗಮೂಲ ಅಭಾಗಲಬ್ಧ ಸಂಖ್ಯೆ. 2.2360679... ಎಂದು ಸಾಗುವ ಅದರ ದಶಮಾಂಶ ಎಲ್ಲಿಯೂ ಮುಗಿಯದು, ಒಂದೇ ಗುಂಪಾಗಿ ಆವರ್ತಿಸದು. 1/7 ಹಾಗಲ್ಲ, 142857 ಎಂಬ ಆರು ಅಂಕಿಗಳು ಪಲ್ಲವಿಯಂತೆ ಮರಳುತ್ತವೆ. ಪಲ್ಲವಿಯಿಲ್ಲದ ಸಂಖ್ಯೆಯನ್ನು ರಾಗವಾಗಿ ಒಪ್ಪಿಸಿ ಮುಗಿಸಲಾಗದು. ಮುಂದಿನ ಅಂಕಿಗೆ ಪ್ರತಿ ಸಲವೂ ಲೆಕ್ಕ ಮಾಡಬೇಕು, ಅಂದರೆ ಎಚ್ಚರವಾಗಿರಬೇಕು. ಶಾಲೆಯಲ್ಲಿ ಹಿಂದುಳಿದವಳೆನಿಸಿಕೊಂಡ ಮೆಗ್‌ಳ ಸ್ವಂತ ದಾರಿಯ ಗಣಿತವೇ ಇಲ್ಲಿ ಅವಳಿಗೆ ಕವಚವಾಗುತ್ತದೆ.

ಕೊನೆಯಲ್ಲಿ ತಮ್ಮನನ್ನು ಬಿಡಿಸುವುದು ಗಣಿತವಲ್ಲ, ಪ್ರೀತಿ. ಕಥೆಗೆ ಅದು ಸರಿಯೇ. ಆದರೂ ಮೆಗ್‌ಳ ಬುದ್ಧಿಗೆ ಕೊನೆಯ ಅಧ್ಯಾಯದಲ್ಲಿ ಕೆಲಸವಿಲ್ಲದಂತಾದದ್ದು ಕೊರತೆಯೆಂದೇ ನಮ್ಮ ಅಭಿಪ್ರಾಯ.

ಮಗ್ಗಿ ಬೇಡವೆಂದು ಇದರ ಅರ್ಥವಲ್ಲ. ಮಗ್ಗಿ ಬಾಯಿಗೆ ಬಂದಿದ್ದರೆ ಮನಸ್ಸು ಮುಂದಿನ ಪ್ರಶ್ನೆಗೆ ಬಿಡುವಾಗುತ್ತದೆ. ಒಪ್ಪಿಸುವುದೇ ಕಲಿಕೆ ಎಂದುಕೊಂಡಾಗ ತರಗತಿ ಕ್ಯಾಮಝೋಟ್ಸ್ ಆಗುತ್ತದೆ. ಅಲ್ಲಿಗೆ ಹೋಗಲು ಆಕಾಶವನ್ನು ಮಡಿಸಬೇಕಾಗಿಲ್ಲ. ಮುಂದಿನ ವಾರ ನಿಮ್ಮ ವಿದ್ಯಾರ್ಥಿಗಳಿಗೆ ಐದರ ವರ್ಗಮೂಲವನ್ನು ನಾಲ್ಕು ದಶಮಾಂಶ ಸ್ಥಾನಗಳವರೆಗೆ ತಮಗೆ ತೋಚಿದ ವಿಧಾನದಲ್ಲಿ ಕಂಡುಹಿಡಿಯಲು ಹೇಳಿ. ಉತ್ತರಕ್ಕಿಂತ ಮೊದಲು ವಿಧಾನಗಳನ್ನು ಎಣಿಸಿ. ಎಲ್ಲರದೂ ಒಂದೇ ಆಗಿದ್ದರೆ ಯೋಚಿಸಬೇಕಾದವರು ನಾವು.